ಮನೆಗೊಂದು ಕೆಗರೇಟರ್: ಗಡಿಯ ಈಚೆ ಇರುವವರಿಗೆ ಬಿಯರ್ ಕೆಗ್ ಸಿಗುತ್ತದಾ?

ಬದಿಯಡ್ಕ ತೋಟ

ಎಲ್ಲರಿಗೂ ನಮಸ್ಕಾರ. ಕೆಲವು ವರ್ಷ ಬೆಂಗಳೂರಿನಲ್ಲಿ ದುಡಿದು ಈಗ ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ತೋಟ ನೋಡಿಕೊಂಡು ಇದ್ದೇನೆ. ಬೆಂಗಳೂರು ಬಿಟ್ಟದ್ದಕ್ಕೆ ಬೇಸರ ಇಲ್ಲ. ಅಲ್ಲಿನ ಮೈಕ್ರೋಬ್ರೂವರಿಗಳ (ತಾವೇ ಬಿಯರ್ ತಯಾರಿಸಿ ಅಲ್ಲೇ ಕೊಡುವ ಪಬ್‌ಗಳ) ಗೋಧಿ ಬಿಯರ್ ಮಾತ್ರ ಮನಸ್ಸಿನಿಂದ ಹೋಗುವುದಿಲ್ಲ. ಬಾಟ್ಲಿಯಲ್ಲಿ ಬರುವುದಕ್ಕೂ ನಲ್ಲಿಯಿಂದ ನೇರ ಗ್ಲಾಸಿಗೆ ಬೀಳುವುದಕ್ಕೂ ಅಜಗಜಾಂತರ.

ಮನೆಯಲ್ಲಿ ಹಳೆಯ ಸಿಂಗಲ್ ಡೋರ್ ಫ್ರಿಜ್ ಒಂದು ಸುಮ್ಮನೆ ಕೂತಿದೆ, ಕಂಪ್ರೆಸರ್ ಗಟ್ಟಿ ಉಂಟು. ಒಳಗೆ ಕೆಗ್ (ಬಿಯರ್ ತುಂಬುವ ಸ್ಟೀಲ್ ಪೀಪಾಯಿ), ಪಕ್ಕದಲ್ಲಿ ಇಂಗಾಲದ ಡೈಆಕ್ಸೈಡ್ ಗ್ಯಾಸ್ ಸಿಲಿಂಡರ್, ಬಾಗಿಲಿಗೆ ನಲ್ಲಿ, ಹೀಗೆ ಅದನ್ನು ಕೆಗರೇಟರ್ ಮಾಡಬೇಕೆಂದು ಆಸೆ. ಕೇಳುವುದು ಇಷ್ಟು: ಮಂಗಳೂರಿನಿಂದ 20 ಅಥವಾ 30 ಲೀಟರಿನ ಕೆಗ್ ಜೀಪಿನಲ್ಲಿ ಹಾಕಿ ತರಬಹುದಾ? ಫ್ರಿಜ್ಜಿಗೆ ತೂತು ಎಲ್ಲಿ ಕೊರೆಯುವುದು? ಗ್ಯಾಸಿನ ವ್ಯವಸ್ಥೆ ಹೇಗೆ? ತಿಳಿದವರು ದಯವಿಟ್ಟು ಹೇಳಿ.

ಮಂಜೇಶ್ವರ ಪಡುಗಾಳಿ

ತೋಟದಣ್ಣ, ಡ್ರಿಲ್ ಕೈಗೆ ತಗೊಳ್ಳುವ ಮೊದಲು ಇದನ್ನು ಓದಿ. ಕೆಗ್ ತರಲಿಕ್ಕೆ ಆಗುವುದಿಲ್ಲ.

ಕೇರಳದಲ್ಲಿ ಒಬ್ಬರು ತಮ್ಮ ಹತ್ತಿರ ಇಟ್ಟುಕೊಳ್ಳಬಹುದಾದ ಬಿಯರ್ 3.5 ಲೀಟರ್. 650 ಮಿಲಿಯ ಬಾಟ್ಲಿ ಲೆಕ್ಕದಲ್ಲಿ ಐದು, ಆರನೆಯದಕ್ಕೆ ಮಿತಿ ದಾಟಿತು. ಅದೂ ಕೇರಳದಲ್ಲೇ ಮಾರಾಟವಾದ ಮಾಲು ಆಗಿರಬೇಕು. ಕರ್ನಾಟಕದ ಮದ್ಯ ಪರ್ಮಿಟ್ ಇಲ್ಲದೆ ತಲಪಾಡಿ ಗಡಿ ದಾಟಿತೆಂದರೆ ಅಬಕಾರಿ ಕೇಸು, ಗಾಡಿಯನ್ನೂ ಮುಟ್ಟುಗೋಲು ಹಾಕಿಕೊಳ್ಳಬಹುದು. ಒಳರಸ್ತೆ ಬೇಕಾದಷ್ಟು ಉಂಟು ಅಂತ ಯಾರಾದರೂ ಹೇಳಿಯಾರು, ಕಿವಿಗೆ ಹಾಕಿಕೊಳ್ಳಬೇಡಿ. ಒಂದು ಸಂಜೆಯ ಬಿಯರಿಗಾಗಿ ಜೀಪು ಸ್ಟೇಷನ್ ಅಂಗಳದಲ್ಲಿ ತುಕ್ಕು ಹಿಡಿಯುವುದು ಬೇಡ.

ಇನ್ನೊಂದು, ಮೈಕ್ರೋಬ್ರೂವರಿಗೆ ಇರುವ ಲೈಸೆನ್ಸು ಆ ಜಾಗದಲ್ಲೇ ಕುಡಿಸಲಿಕ್ಕೆ. 2020ರ ಲಾಕ್‌ಡೌನ್ ಸಮಯದಲ್ಲಿ ಕರ್ನಾಟಕದಲ್ಲಿ ಗ್ರೌಲರ್ ಎಂಬ ಬಿಗಿ ಮುಚ್ಚಳದ ದೊಡ್ಡ ಬಾಟ್ಲಿಗಳಲ್ಲಿ ಪಾರ್ಸೆಲ್ ಕೊಡಲು ತಾತ್ಕಾಲಿಕವಾಗಿ ಬಿಟ್ಟಿದ್ದರು, ಟ್ಯಾಂಕಿನಲ್ಲಿದ್ದ ಬಿಯರ್ ಹಾಳಾಗಬಾರದೆಂದು. ಅದು ಒಬ್ಬರಿಗೆ 2 ಲೀಟರಿನ ಮಾತು, ಕೆಗ್ಗಿನದ್ದಲ್ಲ.

ಮನೆಯಲ್ಲೇ ಬಿಯರ್ ಮಾಡುತ್ತೇನೆ ಅಂತ ಮುಂದಿನ ಪ್ರಶ್ನೆ ಬರುವ ಮೊದಲೇ ಹೇಳುತ್ತೇನೆ, ಲೈಸೆನ್ಸಿಲ್ಲದೆ ಮಾಡುವುದು ಅಬಕಾರಿ ಕಾಯ್ದೆಯಲ್ಲಿ ಅಪರಾಧ. ಎಷ್ಟು ಸಣ್ಣ ಪಾತ್ರೆಯಲ್ಲಿ ಮಾಡಿದರೂ ಅಪರಾಧವೇ.

ಹೊಸೂರು ಟ್ಯಾಪ್

ಮೇಲಿನವರು ಹೇಳಿದ್ದು ಸರಿ. ನಾನು ಬೆಂಗಳೂರಿನ ಪಬ್‌ಗಳಿಗೆ ಡ್ರಾಫ್ಟ್ ಲೈನ್ (ಕೆಗ್‌ನಿಂದ ನಲ್ಲಿಗೆ ಹೋಗೋ ಪೈಪ್) ಹಾಕೋ ಕೆಲಸದಲ್ಲಿದ್ದೀನಿ, ಮನೆ ತಮಿಳುನಾಡಿನ ಹೊಸೂರಿನಲ್ಲಿ. ದಿನಾ ಅತ್ತಿಬೆಲೆ ಗಡಿ ದಾಟ್ತೀನಿ. ಕೆಗ್ ತುಂಬಿದ ಕೋಣೆಯಲ್ಲಿ ಕೆಲಸ ಮಾಡಿ, ಸಂಜೆ ಖಾಲಿ ಕೈಯಲ್ಲಿ ಮನೆಗೆ ಬರ್ತೀನಿ. ನಮ್ಮ ಕಡೆ ಚಿಲ್ಲರೆ ಮಾರಾಟ ಪೂರ್ತಿ ಸರ್ಕಾರಿ ಕಂಪನಿ ಟಾಸ್ಮ್ಯಾಕ್ ಕೈಯಲ್ಲಿ, ಅಲ್ಲಿ ಕೆಗ್ ಅನ್ನೋ ಮಾತೇ ಇಲ್ಲ.

ಕಾನೂನು ಪಕ್ಕಕ್ಕಿಟ್ಟರೂ ಮನೆಗೆ ಕೆಗ್ ಅನ್ನೋದು ಅಷ್ಟು ಸಲೀಸಲ್ಲ. 50 ಲೀಟರಿನ ಸ್ಟೀಲ್ ಕೆಗ್ ತುಂಬಿದಾಗ 60 ಕೆಜಿ ದಾಟುತ್ತೆ. ಮೈಕ್ರೋಬ್ರೂವರಿ ಬಿಯರ್ ಸಾಮಾನ್ಯವಾಗಿ ಪಾಶ್ಚರೀಕರಿಸಿದ್ದಲ್ಲ, ಅದನ್ನ ತುಂಬಿದ ಹೊತ್ತಿನಿಂದ ಗ್ಲಾಸಿಗೆ ಬೀಳೋವರೆಗೂ ತಣ್ಣಗೇ ಇಟ್ಟಿರಬೇಕು. ಸರಿಯಾಗಿ ಇಟ್ಟರೆ ಆರೆಂಟು ವಾರ. ಏಪ್ರಿಲ್ ಬಿಸಿಲಲ್ಲಿ ಜೀಪಿನ ಹಿಂದೆ ಕೂತು ಬಂದ ಗೋಧಿ ಬಿಯರಲ್ಲಿ ನೀವು ನೆನೆಸ್ಕೊಳ್ತಿರೋ ಆ ಬಾಳೆಹಣ್ಣು, ಲವಂಗದ ವಾಸನೆ ಉಳಿದಿರಲ್ಲ. ಆ ಬಿಯರ್ ಅಲ್ಲೇ ಕುಡೀಬೇಕು ಅನ್ನೋದು ನನ್ನ ಅಭಿಪ್ರಾಯ.

ಸೊಲ್ಲಾಪುರ ಓದುಗ

ನಮ್ಮ ಕಡೆ ಕಥಿ ಸ್ವಲ್ಪ ಬ್ಯಾರೆ ಐತ್ರಿ. ಮಹಾರಾಷ್ಟ್ರದಾಗ 1949ರ ಕಾಯ್ದೆ ಇನ್ನೂ ಜಾರಿ ಒಳಗ ಐತಿ, ಕುಡಿಯೋದಕ್ಕೂ ಪರ್ಮಿಟ್ ಬೇಕು. ಪುಣೆ ಕಡೆ ಗ್ರೌಲರ್ ಬಾಟ್ಲಿ ಒಳಗ ಕ್ರಾಫ್ಟ್ ಬಿಯರ್ ತುಂಬಿಸಿಕೊಂಡು ಬರೋರು ಅದಾರ. ಆದ್ರ ಸೊಲ್ಲಾಪುರಕ್ಕ ಬರೂದ್ರಾಗ ತಣ್ಣಗ ಉಳಿಬೇಕು, ಮುಚ್ಚಳ ತೆಗೆದ ಮ್ಯಾಲ ಅವತ್ತ ಮುಗಿಸಬೇಕು. ಅದಕ್ಕ ಕೆಗರೇಟರ್ ಯಾಕ ಬೇಕ್ರಿ, ಐಸ್ ಪೆಟ್ಟಿಗಿ ಸಾಕು.

ಬದಿಯಡ್ಕ ತೋಟ

ಸ್ಪಷ್ಟವಾಗಿ ಹೇಳಿದ್ದಕ್ಕೆ ಉಪಕಾರ. ಬಿಯರ್ ಕೆಗ್ಗಿನ ಯೋಚನೆ ಬಿಟ್ಟೆ. ಮಂಗಳೂರಿಗೆ ಹೋದಾಗ ಅಲ್ಲೇ ಕುಡಿದು, ಡ್ರೈವರ್ ಕರಕೊಂಡು ಬರುವುದೇ ಸರಿ. ಆದರೆ ಫ್ರಿಜ್ಜು, ನಲ್ಲಿ, ಗ್ಯಾಸು ಅಂತ ಓದಿ ಓದಿ ಆ ಕೆಲಸದ ಮೇಲೆಯೇ ಪ್ರೀತಿ ಬಂದಿದೆ. ಬೇರೆ ಏನಾದರೂ ತುಂಬಿಸಬಹುದಾ?

ಉಪ್ಪಳ ಅಕ್ಕ

ಇಲ್ಲಿ ನಾನು ಮಾತಾಡಬಹುದು. ನಮ್ಮ ಮನೆಯಲ್ಲಿ ನಲ್ಲಿ ತಿರುಗಿಸಿದರೆ ಸೋಡಾ ಬರುತ್ತದೆ!

ಸಣ್ಣ ಮಟ್ಟಿಗೆ ಅಡುಗೆ ಆರ್ಡರ್ ಹಿಡಿಯುತ್ತೇನೆ. ಸೀಮಂತ, ಗೃಹಪ್ರವೇಶಕ್ಕೆ ವೆಲ್ಕಮ್ ಡ್ರಿಂಕ್ ಕೇಳುವುದು ಈಗ ಎಲ್ಲ ಕಡೆ. ಬಾಟ್ಲಿ ಸೋಡಾ ತಂದರೆ ಬಡಿಸುವ ಹೊತ್ತಿಗೆ ಅರ್ಧ ಬಾಟ್ಲಿ ಗ್ಯಾಸ್ ಹೋಗಿರುತ್ತದೆ, ಪ್ಲಾಸ್ಟಿಕ್ ರಾಶಿ ಬೇರೆ. ಅದಕ್ಕೆ 19 ಲೀಟರಿನ ಕಾರ್ನಿ ಕೆಗ್ ಹಾಕಿಸಿದೆ, ತಂಪು ಪಾನೀಯ ಕಂಪನಿಗಳು ಹಿಂದೆ ಸಿರಪ್ ತುಂಬಲು ಬಳಸುತ್ತಿದ್ದ ಸಪೂರದ ಉದ್ದ ಸ್ಟೀಲ್ ಕ್ಯಾನು. ಮೇಲೆ ಅಂಡಾಕಾರದ ದೊಡ್ಡ ಮುಚ್ಚಳ, ಕೈ ಹಾಕಿ ತೊಳೆಯಬಹುದು. ಬಿಯರ್ ಕೆಗ್ಗಿಗೆ ಆ ಸೌಕರ್ಯ ಇಲ್ಲ.

ಬಾವಿ ನೀರು ಕುದಿಸಿ, ಸೋಸಿ, ಒಂದು ರಾತ್ರಿ ಫ್ರಿಜ್ಜಿನಲ್ಲಿಟ್ಟು ತಣ್ಣಗಾದ ಮೇಲೆ ಕೆಗ್ಗಿಗೆ. ಗ್ಯಾಸ್ ತಣ್ಣನೆಯ ನೀರಿನಲ್ಲಿ ಕರಗಿದ ಹಾಗೆ ಬಿಸಿ ನೀರಿನಲ್ಲಿ ಕರಗುವುದಿಲ್ಲ. ಮುಚ್ಚಳ ಹಾಕಿ ಗ್ಯಾಸ್ ಬಿಟ್ಟು, ಸೇಫ್ಟಿ ವಾಲ್ವ್ ಎತ್ತಿ ಒಳಗಿನ ಗಾಳಿ ಹೊರಗೆ ತಳ್ಳಬೇಕು, ಎರಡು ಮೂರು ಸಲ. ಆಮೇಲೆ ಗ್ಯಾಸಿನ ಒತ್ತಡ 28ರಿಂದ 30 ಪಿಎಸ್‌ಐಗೆ (ಪಿಎಸ್‌ಐ ಎಂದರೆ ಒತ್ತಡದ ಅಳತೆ) ಇಟ್ಟು ಕೆಲವು ದಿನ ಬಿಟ್ಟರೆ ಗಂಟಲು ಕಚ್ಚುವ ಸೋಡಾ. ಬೇಗ ಬೇಕಾದರೆ ಕೆಗ್ ಅಡ್ಡ ಮಲಗಿಸಿ ಮಡಿಲಲ್ಲಿ ಹಾಕಿ ತೂಗಬೇಕು, ಒಳಗೆ ಗ್ಯಾಸ್ ಗುಳುಗುಳು ಹೋಗುವುದು ಕೇಳುತ್ತದೆ. ಆ ಸದ್ದು ನಿಂತಿತೆಂದರೆ ನೀರು ಕುಡಿಯುವಷ್ಟು ಕುಡಿದಾಯಿತು.

ನೇರ ಪುನರ್ಪುಳಿ (ಕೋಕಂ) ಶರಬತ್ತನ್ನೇ ಕೆಗ್ಗಿಗೆ ಹಾಕಬಹುದಲ್ಲ ಅಂತ ತುಂಬ ಜನ ಕೇಳುತ್ತಾರೆ. ಹಾಕಬೇಡಿ. ಕೆಗ್ಗಿನಲ್ಲಿ ಬರೀ ಸೋಡಾ ಇರಲಿ, ಸಿರಪ್ ಗ್ಲಾಸಿನಲ್ಲಿ ಬೆರೆಸಿ. ಸಕ್ಕರೆ ಹೋದ ಪೈಪ್ ತೊಳೆದು ಮುಗಿಯುವುದಿಲ್ಲ, ಶುಂಠಿ ಹೋದ ಪೈಪಿನಿಂದ ಆ ವಾಸನೆ ಬಿಡುವುದೇ ಇಲ್ಲ. ಮತ್ತೆ ಒಬ್ಬರಿಗೆ ಪುನರ್ಪುಳಿ, ಒಬ್ಬರಿಗೆ ನನ್ನಾರಿ, ಮಕ್ಕಳಿಗೆ ಲಿಂಬೆ, ಒಂದೇ ನಲ್ಲಿಯಲ್ಲಿ ಎಲ್ಲ ಆಗುತ್ತದೆ. ಪುನರ್ಪುಳಿ ಸಿಪ್ಪೆಯನ್ನು ಸಕ್ಕರೆಯಲ್ಲಿ ಹಾಕಿ ಬಿಸಿಲಿಗಿಟ್ಟು ತೆಗೆದ ಕಡು ಕೆಂಪು ರಸ ಗ್ಲಾಸಿನ ತಳಕ್ಕೆ ಎರಡು ಚಮಚ, ಚಿಟಿಕೆ ಉಪ್ಪು, ಜೀರಿಗೆ ಪುಡಿ, ಮೇಲಿಂದ ನಲ್ಲಿಯ ಸೋಡಾ. ಗ್ಲಾಸು ಓರೆ ಹಿಡಿದು ಬದಿಯಿಂದ ಬಿಡಬೇಕು, ಇಲ್ಲದಿದ್ದರೆ ನೊರೆ ಉಕ್ಕಿ ಬಣ್ಣವೆಲ್ಲ ಮೇಜಿನ ಮೇಲೆ.

ಮಂಜೇಶ್ವರ ಪಡುಗಾಳಿ

ಅಕ್ಕ, ಸಕ್ಕರೆ ನೀರು ಕೆಗ್ಗಿನಲ್ಲಿ ಇಡಬಾರದು ಎಂಬುದಕ್ಕೆ ಇನ್ನೊಂದು ಕಾರಣವೂ ಉಂಟು. ಹಣ್ಣಿನ ರಸಕ್ಕೆ ಗಾಳಿಯ ಯೀಸ್ಟ್ ಸೇರಿ, ಕರೆಂಟ್ ಹೋಗಿ ಬಿಸಿಯಾದರೆ ಹುಳಿಯಲು ಶುರು. ಆಮೇಲೆ ಅದು ಶರಬತ್ತಾಗಿ ಉಳಿಯುವುದಿಲ್ಲ, ಒತ್ತಡವೂ ಏರುತ್ತಾ ಹೋಗುತ್ತದೆ.

ಯಾರೋ ಕಲ್ಪರಸವನ್ನು (ತೆಂಗಿನ ಹೊಂಬಾಳೆಯಿಂದ ಇಳಿಸುವ ಸಿಹಿ ರಸ) ಕೆಗ್ಗಿನಲ್ಲಿಟ್ಟು ಮಾರುವ ಯೋಚನೆ ಹೇಳುತ್ತಿದ್ದರು. ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐಯವರು ತೆಂಗಿನ ಹೊಂಬಾಳೆಗೇ ಐಸ್ ಹಾಕಿದ ಚಿಲ್ಲರ್ ಕಟ್ಟಿ ರಸ ಇಳಿಸುವ ಕ್ರಮ ಮಾಡಿದ್ದು ಸುಮ್ಮನೆ ಅಲ್ಲ. ತಣ್ಣಗಿದ್ದರೆ ಕಲ್ಪರಸ, ಬಿಸಿಯಾದರೆ ಕಳ್ಳು. ಮಾರಾಟಕ್ಕಾದರೆ ಲೈಸೆನ್ಸು ಬೇಕೇ ಬೇಕು.

ಬದಿಯಡ್ಕ ತೋಟ

ಉಪ್ಪಳದ ಅಕ್ಕಾ, ಓದುವಾಗಲೇ ಬಾಯಾರಿಕೆ ಆಯಿತು. ಸೋಡಾ ನಲ್ಲಿಯೇ ನಿಶ್ಚಯ. ಹೊಸೂರಿನವರೇ, ಇನ್ನು ನೀವು ಫ್ರಿಜ್ಜಿನ ಕೆಲಸ ಹೇಳಿಕೊಡಬೇಕು.

ಹೊಸೂರು ಟ್ಯಾಪ್

ಖುಷಿಯಿಂದ. ಒಂದೊಂದಾಗಿ ಬರೀತೀನಿ, ಅವಸರ ಮಾಡಬೇಡಿ.

ಮೊದಲು ಟೇಪ್ ಹಿಡಿದು ಅಳತೆ. ಕಾರ್ನಿ ಕೆಗ್ ಎತ್ತರ ಸುಮಾರು 64 ಸೆಂ.ಮೀ., ಅಡ್ಡಳತೆ 22–23 ಸೆಂ.ಮೀ. ಮೇಲೆ ಪೈಪ್ ಕನೆಕ್ಟರ್‌ಗೆ ಇನ್ನೊಂದು ಐದಾರು ಸೆಂ.ಮೀ. ಬಿಡಿ. ಹಳೇ ಸಿಂಗಲ್ ಡೋರ್‌ನಲ್ಲಿ ಮೇಲೆ ಫ್ರೀಜರ್ ಪೆಟ್ಟಿಗೆ, ಕೆಳಗೆ ಹಿಂದುಗಡೆ ಕಂಪ್ರೆಸರ್‌ಗೋಸ್ಕರ ಉಬ್ಬು ಇರುತ್ತೆ. ಎರಡರ ನಡುವೆ ಜಾಗ ಇದ್ರೆ ಮುಂದುವರೀರಿ. ಜಾಗ ಸಾಲಲ್ಲ ಅಂತ ಫ್ರೀಜರ್ ಪೆಟ್ಟಿಗೇನ ಬಗ್ಗಿಸೋಕೆ ಹೋಗಬೇಡಿ, ತಂಪು ಮಾಡೋ ಗ್ಯಾಸ್ ಅದರ ಗೋಡೆಯೊಳಗೇ ಓಡ್ತಿರುತ್ತೆ. ಆಗ ಐಸ್‌ಕ್ರೀಂ ಅಂಗಡಿಯಲ್ಲಿರೋ ಥರದ ಮೇಲಿಂದ ತೆಗೆಯೋ ಚೆಸ್ಟ್ ಫ್ರೀಜರ್ ತಗೊಳ್ಳಿ, ಹೊರಗಿಂದ ಡಿಜಿಟಲ್ ಥರ್ಮೋಸ್ಟಾಟ್ ಹಾಕಿ. ನನ್ನನ್ನ ಕೇಳಿದ್ರೆ ಅದೇ ಒಳ್ಳೇದು. ಬಾಗಿಲು ತೆಗೆದರೂ ತಂಪು ಕೆಳಗೇ ನಿಲ್ಲುತ್ತೆ.

ತೂತು ಬಾಗಿಲಿಗೆ ಮಾತ್ರ. ಪಕ್ಕದ ಗೋಡೆಗಳಲ್ಲಿ ಈಗಿನ ಫ್ರಿಜ್‌ಗಳಲ್ಲಿ ಕಂಡೆನ್ಸರ್ ಪೈಪ್ ಹುದುಗಿಸಿರ್ತಾರೆ, ಒಂದು ಡ್ರಿಲ್ ಏಟಿಗೆ ಫ್ರಿಜ್ಜೇ ಮುಗೀತು. ಬಾಗಿಲಿಗೆ 22–25 ಮಿ.ಮೀ. ಹೋಲ್ ಸಾ ಹಾಕಿ, ಶ್ಯಾಂಕ್ (ಪೈಪಿಗೂ ನಲ್ಲಿಗೂ ನಡುವಿನ ಲೋಹದ ಕೊಳವೆ) ತೂರಿಸಿ, ಸುತ್ತ ಸಿಲಿಕಾನ್ ಮೆತ್ತಿ.

ಪೈಪಿನ ಉದ್ದದ ವಿಷಯ ಗಮನ ಇಟ್ಟು ಓದಿ, ನೊರೆ ಸಮಸ್ಯೆ ಬಹಳಷ್ಟು ಹುಟ್ಟೋದು ಇಲ್ಲೇ. ಕೆಗ್ ಒಳಗಿನ ಒತ್ತಡ ನಲ್ಲಿಗೆ ಬರೋ ಹೊತ್ತಿಗೆ ಪೈಪಿನ ತಿಕ್ಕಾಟದಲ್ಲಿ ಕರಗಿ ಹೋಗಿರಬೇಕು. ಬಿಯರ್‌ಗೆ 3–4 ಡಿಗ್ರಿಯಲ್ಲಿ 10–12 ಪಿಎಸ್‌ಐ ಸಾಕು, 3/16 ಇಂಚಿನ ಒಳ ಅಳತೆಯ ಪೈಪ್ ಎಂಟರಿಂದ ಹತ್ತು ಅಡಿ. ಸೋಡಾಗೆ ಒತ್ತಡ ಅದರ ಎರಡೂವರೆ ಪಟ್ಟು. ಅದೇ ಪೈಪ್ 20–25 ಅಡಿ ಬೇಕು, ಸುರುಳಿ ಸುತ್ತಿ ಕೆಗ್ ಮೇಲೆ ಇಡಿ. ಉದ್ದ ಕಡಿಮೆ ಮಾಡಿದ್ರೆ ಸೋಡಾ ಗ್ಲಾಸಿಗೆ ಸಿಡಿದು ಬೀಳುತ್ತೆ, ಇರೋ ಗ್ಯಾಸೆಲ್ಲ ಅಲ್ಲೇ ಹೋಗುತ್ತೆ. ಗ್ಯಾಸ್ ಹೋಯ್ತು ಅಂತ ಒತ್ತಡ ಇನ್ನೂ ಏರಿಸಿದ್ರೆ ಇನ್ನೂ ಸಿಡಿಯುತ್ತೆ.

ನಲ್ಲಿ, ಶ್ಯಾಂಕ್, ಎಲ್ಲಾ 304 ಸ್ಟೇನ್‌ಲೆಸ್ ಸ್ಟೀಲ್ ಇರಲಿ. ಕ್ರೋಮ್ ಹೊಳಪಿನ ಹಿತ್ತಾಳೆದು ಅಗ್ಗ ಅಂತ ಕೊಡ್ತಾರೆ, ಬೇಡ. ಸೋಡಾ ಆಮ್ಲ. ಕ್ರೋಮ್ ಸವೆದರೆ ಕೆಳಗಿನ ತಾಮ್ರದ ಅಂಶ ನೀರಿಗೆ ಬಿಡುತ್ತೆ, ವಾಂತಿ, ಹೊಟ್ಟೆನೋವು ಬರಬಹುದು. ನಿಮ್ಮ ಕಡಲ ಗಾಳಿಗೂ ಸ್ಟೀಲೇ ಸರಿ.

ಮಡಕಶಿರಾ ಮೇಷ್ಟ್ರು

ನಾನು ಪಿಯು ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಡುವವನು. ಇಷ್ಟು ಜನ ಬರೆದರೂ ಸಿಲಿಂಡರ್ ಬಗ್ಗೆ ಯಾರೂ ಸರಿಯಾಗಿ ಹೇಳಲಿಲ್ಲ, ಅದಕ್ಕೇ ಬಂದೆ. ದಯವಿಟ್ಟು ಇದನ್ನು ಬಿಟ್ಟು ಓದಬೇಡಿ.

ಇಂಗಾಲದ ಡೈಆಕ್ಸೈಡ್ ಸಿಲಿಂಡರಿನೊಳಗೆ ದ್ರವವಾಗಿ ಇರುತ್ತದೆ. 25 ಡಿಗ್ರಿಯಲ್ಲಿ ಅದರ ಒತ್ತಡ ಸುಮಾರು 64 ಬಾರ್, ಅಂದರೆ 900 ಪಿಎಸ್‌ಐ ದಾಟಿದ್ದು. ಕಾರ್ನಿ ಕೆಗ್ ತಡೆಯುವುದು ಹೆಚ್ಚೆಂದರೆ 130 ಪಿಎಸ್‌ಐ. ನಡುವೆ ಒತ್ತಡ ಇಳಿಸುವ ರೆಗ್ಯುಲೇಟರ್ ಇಲ್ಲದೆ ಒಂದು ಕ್ಷಣವೂ ಜೋಡಿಸಬಾರದು. ಇನ್ನು 31 ಡಿಗ್ರಿ ಅದರ ಕ್ರಾಂತಿಕ ತಾಪ. ಅದನ್ನು ದಾಟಿದರೆ ದ್ರವ, ಅನಿಲ ಎಂಬ ಭೇದವೇ ಉಳಿಯುವುದಿಲ್ಲ, ಬಿಸಿ ಏರಿದ ಹಾಗೆ ಒತ್ತಡ ಜೋರಾಗಿ ಏರುತ್ತದೆ. ನಮ್ಮ ಅನಂತಪುರದ ಕಡೆಯಾಗಲಿ ಕಾಸರಗೋಡಾಗಲಿ ಬೇಸಗೆ ಮಧ್ಯಾಹ್ನ 31 ದಾಟದ ದಿನ ಕಡಿಮೆ. ಹಾಗಾಗಿ ಬಿಸಿಲು ಬೀಳುವ ಜಗಲಿ, ಶೀಟಿನ ಶೆಡ್ಡು, ನಿಲ್ಲಿಸಿದ ಕಾರು, ಇಲ್ಲೆಲ್ಲ ಸಿಲಿಂಡರ್ ಬೇಡ. ನೆಟ್ಟಗೆ ನಿಲ್ಲಿಸಿ, ಗೋಡೆಗೆ ಸರಪಳಿ ಹಾಕಿ.

ಮೀಟರ್ ನೋಡಿ ಎಷ್ಟು ಉಳಿದಿದೆ ಎಂದು ತಿಳಿಯುವುದಿಲ್ಲ. ದ್ರವ ಇರುವವರೆಗೂ ಮುಳ್ಳು ಒಂದೇ ಕಡೆ ನಿಂತಿರುತ್ತದೆ, ಮುಗಿಯುವಾಗ ಒಮ್ಮೆಲೇ ಬೀಳುತ್ತದೆ. ತೂಗಿಯೇ ತಿಳಿಯಬೇಕು, ಖಾಲಿ ತೂಕ ಸಿಲಿಂಡರಿನ ಕತ್ತಿನ ಮೇಲೆ ಕೊರೆದಿರುತ್ತದೆ. ಲೆಕ್ಕ ಹಾಕಿದರೆ 19 ಲೀಟರ್ ಸೋಡಾ ಮಾಡಿ ಹೊರಗೆ ತರಲು 250ರಿಂದ 300 ಗ್ರಾಂ ಗ್ಯಾಸ್ ಬೇಕು. ಸೋರಿಕೆ ಇಲ್ಲದಿದ್ದರೆ 5 ಕೆಜಿ ಸಿಲಿಂಡರ್ ಹದಿನೈದು ಸಲಕ್ಕೆ ಸಾಕು.

ಖರೀದಿಸುವಾಗ ಪೆಸೊ (ಕೇಂದ್ರದ ಪೆಟ್ರೋಲಿಯಂ ಮತ್ತು ಸ್ಫೋಟಕ ಸುರಕ್ಷತಾ ಸಂಸ್ಥೆ) ಒಪ್ಪಿಗೆಯ ಗುರುತು, ಹೈಡ್ರೋ ಟೆಸ್ಟಿನ (ನೀರಿನ ಒತ್ತಡದ ಪರೀಕ್ಷೆಯ) ದಿನಾಂಕ ನೋಡಿ. ವೆಲ್ಡಿಂಗ್ ಅಂಗಡಿಯ ಗ್ಯಾಸ್ ಬೇಡ, ಆಹಾರ ದರ್ಜೆಯದ್ದೇ ಕೇಳಿ. ಬೆಂಕಿ ಆರಿಸುವ ಕೆಂಪು ಸಿಲಿಂಡರ್ ಖಂಡಿತ ಬೇಡ. ಅದರೊಳಗೆ ತಳದವರೆಗೆ ನಳಿಕೆ ಇರುತ್ತದೆ, ಗ್ಯಾಸಿನ ಬದಲು ದ್ರವವೇ ರೆಗ್ಯುಲೇಟರಿಗೆ ನುಗ್ಗುತ್ತದೆ.

ಕೊನೆಗೆ ಮುಖ್ಯವಾದದ್ದು. ಈ ಗ್ಯಾಸು ಗಾಳಿಗಿಂತ ಭಾರ, ಬಣ್ಣ ಇಲ್ಲ, ಸೋರಿದರೆ ಗೊತ್ತಾಗುವ ವಾಸನೆ ಇಲ್ಲ. ಮುಚ್ಚಿದ ಕೋಣೆಯಲ್ಲಿ ಸೋರಿದರೆ ನೆಲದ ಮಟ್ಟದಿಂದ ತುಂಬುತ್ತಾ ಬರುತ್ತದೆ. ಗಾಳಿಯಲ್ಲಿ ಶೇ 3–4 ಆದರೆ ತಲೆನೋವು, ಏದುಸಿರು. ಶೇ 10 ಆದರೆ ಎಚ್ಚರ ತಪ್ಪುತ್ತದೆ. ಎಸಿ ಹಾಕಿ ಮಲಗುವ ಕೋಣೆಯಲ್ಲಿ ಇಡಬೇಡಿ, ನೆಲದಲ್ಲಿ ಮಗು ಮಲಗುವ ಕಡೆ ಯೋಚಿಸಲೂ ಬೇಡಿ. ಪ್ರತಿ ಜೋಡಣೆಗೂ ಸೋಪಿನ ನೊರೆ ಹಚ್ಚಿ ಗುಳ್ಳೆ ಬರುತ್ತದಾ ನೋಡಿ. ಬಳಸದೆ ಇರುವಾಗ ಸಿಲಿಂಡರಿನ ಮುಖ್ಯ ವಾಲ್ವ್ ಮುಚ್ಚಿ.

ಬದಿಯಡ್ಕ ತೋಟ

ಮೇಷ್ಟ್ರೇ, ಕೈ ಮುಗಿಯುತ್ತೇನೆ. ಒಳಗಿನ ಕೋಣೆ ಅಂದುಕೊಂಡಿದ್ದೆ, ಇನ್ನು ಹಿಂದಿನ ಚಾವಡಿಯಲ್ಲೇ. ಎರಡು ಕಡೆ ಗಾಳಿ ಆಡುತ್ತದೆ, ಬಿಸಿಲು ಬೀಳುವುದಿಲ್ಲ. ಮಳೆಗಾಲದಲ್ಲಿ ಇಲ್ಲಿ ಕರೆಂಟಿನ ಅವಸ್ಥೆ ನಿಮಗೆಲ್ಲ ಗೊತ್ತೇ ಉಂಟು. ಒಂದು ದಿನ ಪೂರ್ತಿ ಕರೆಂಟ್ ಇಲ್ಲದಿದ್ದರೆ ಸೋಡಾ ಏನಾಗುತ್ತದೆ?

ಉಪ್ಪಳ ಅಕ್ಕ

ಏನೂ ಆಗುವುದಿಲ್ಲ. ಬರೀ ನೀರಲ್ಲವಾ, ಹುಳಿಯುವುದಿಲ್ಲ. ಬೆಚ್ಚಗಿರುವಾಗ ನಲ್ಲಿ ಬಿಟ್ಟರೆ ನೊರೆಯಾಗಿ ಹಾರುತ್ತದೆ, ಅಷ್ಟೇ. ಮತ್ತೆ ತಣ್ಣಗಾಗುವವರೆಗೆ ಮುಟ್ಟದೆ ಬಿಡಿ. ಸ್ಟೆಬಿಲೈಸರ್ ಮಾತ್ರ ಹಾಕಿ. ಕರೆಂಟ್ ಹೋಗಿ ಬರುವಾಗಿನ ಹೊಡೆತಕ್ಕೆ ನಮ್ಮ ಹಿಂದಿನ ಫ್ರಿಜ್ಜಿನ ಕಂಪ್ರೆಸರ್ ಸುಟ್ಟು ಹೋಗಿತ್ತು.

ಆಟಿ ತಿಂಗಳ ಮಳೆಯಲ್ಲಿ ಫ್ರಿಜ್ಜಿನೊಳಗೆ ನೀರು ಒಸರುತ್ತದೆ, ಬಾಗಿಲಿನ ರಬ್ಬರಿಗೆ ಕಪ್ಪು ಬೂಷ್ಟು ಬರುತ್ತದೆ. ವಿನೆಗರ್ ಬಟ್ಟೆಯಲ್ಲಿ ಒರೆಸಿ. ನಲ್ಲಿಯ ಬಾಯಿಗೆ ಇರುವೆ, ಸಣ್ಣ ನೊಣ ಹೋಗದ ಹಾಗೆ ಮುಚ್ಚಳ ಇಡಿ.

ಸೊಲ್ಲಾಪುರ ಓದುಗ

ಗ್ಲಾಸಿನ ಮಾತು ಯಾರೂ ಎತ್ತಲಿಲ್ಲ ನೋಡ್ರಿ. ಡ್ರಾಫ್ಟ್ ಪಾನೀಯಕ್ಕ ಗ್ಲಾಸು ಸ್ವಚ್ಛ ಇಲ್ಲಂದ್ರ ಎಲ್ಲಾ ವ್ಯರ್ಥ. ಎಣ್ಣಿ ಜಿಡ್ಡು ಇದ್ರ ನೊರೆ ನಿಲ್ಲೂದಿಲ್ಲ, ಗುಳ್ಳಿ ಗೋಡಿಗೆ ಅಂಟಿಕೊಂಡು ಕೂಡ್ತಾವ. ಪರೀಕ್ಷಾ ಬಾಳ ಸರಳ ಐತಿ: ಗ್ಲಾಸಿನ ಒಳಗ ನೀರಿನಿಂದ ಒದ್ದಿ ಮಾಡಿ, ಸಣ್ಣ ಉಪ್ಪು ಉದುರಸ್ರಿ. ಉಪ್ಪು ಎಲ್ಲಾ ಕಡೆ ಸಮ ಅಂಟಿದ್ರ ಗ್ಲಾಸು ಸ್ವಚ್ಛ ಐತಿ. ಎಲ್ಲಿ ಅಂಟಲಿಲ್ಲ, ಅಲ್ಲಿ ಜಿಡ್ಡು ಐತಿ ಅಂತ ತಿಳೀರಿ.

ಹೊಸೂರು ಟ್ಯಾಪ್

ಸೊಲ್ಲಾಪುರದ ಸರ್ ಹೇಳಿದ್ದು ನೂರಕ್ಕೆ ನೂರು. ತೆಂಗಿನೆಣ್ಣೆ ಅಡುಗೆ ಮನೆಯಲ್ಲಿ ಸೋಡಾ ಗ್ಲಾಸು ಬೇರೇನೇ ಇಟ್ಕೊಳ್ಳಿ, ಬೇರೆ ಸ್ಪಂಜು. ತೊಳೆದು ಬಟ್ಟೆಯಲ್ಲಿ ಒರೆಸಬೇಡಿ, ಬೋರಲು ಹಾಕಿ ಆರಿಸಿ.

ಲೈನ್ ತೊಳೆಯೋದು: ಬಿಯರ್ ಆಗಿದ್ರೆ ಎರಡು ವಾರಕ್ಕೊಮ್ಮೆ ಕ್ಷಾರದ ಕ್ಲೀನರ್, ಮೂರು ತಿಂಗಳಿಗೊಮ್ಮೆ ಆಮ್ಲದ ಕ್ಲೀನರ್ ಹಾಕ್ಲೇಬೇಕು. ಪಬ್‌ಗಳಲ್ಲಿ ಇದನ್ನ ತಪ್ಪಿಸಿದಾಗ ಬೆಣ್ಣೆ ಕಮಟು, ಹುಳಿ ವಾಸನೆ ಬರುತ್ತೆ, ಜನ ಬ್ರೂವರಿನ ಬೈತಾರೆ. ಬರೀ ಸೋಡಾಗೆ ಅಷ್ಟು ಬೇಡ. ಪ್ರತಿ ಸಲ ಕೆಗ್ ಖಾಲಿಯಾದಾಗ ಒತ್ತಡ ಪೂರ್ತಿ ಬಿಟ್ಟು, ಮುಚ್ಚಳ ತೆಗೆದು, ಕೆಗ್‌ಗೆ ಬಿಸಿನೀರು ಹಾಕಿ ಅದನ್ನೇ ಲೈನಲ್ಲಿ ಹರಿಸಿ. ಪೈಪ್ ಸಹಿಸೋಷ್ಟೇ ಬಿಸಿ, ಕುದಿಯೋ ನೀರು ಬೇಡ.

ನಲ್ಲಿ ತೆಗೆಯುವಾಗ ಒಂದೇ ಸಲಕ್ಕೆ ಪೂರ್ತಿ ತೆಗೀರಿ. ಸ್ವಲ್ಪ ತೆಗೆದು ಮೆಲ್ಲಗೆ ಬಿಡೋಣ ಅಂದ್ರೆ ಆ ಇಕ್ಕಟ್ಟಲ್ಲೇ ನೊರೆ ಹುಟ್ಟೋದು.

ಬದಿಯಡ್ಕ ತೋಟ

ಅಳತೆ ನೋಡಿದೆ. ಫ್ರಿಜ್ಜಿನಲ್ಲಿ ಕೆಗ್ ಕೂರುತ್ತದೆ, ಸಿಲಿಂಡರ್ ಹೊರಗೆ. ಸೆಕೆಂಡ್ ಹ್ಯಾಂಡ್ ಕಾರ್ನಿ ಕೆಗ್ ಒಂದು ನೋಡಿ ಇಟ್ಟಿದ್ದೇನೆ, ಒಳಗೆ ಹಳೆಯ ಕೋಲಾದ ವಾಸನೆ ಇನ್ನೂ ಉಂಟು. ತಗೊಳ್ಳಬಹುದಾ? ಪುನರ್ಪುಳಿ ಹಣ್ಣಾಗುವ ಮೊದಲು ನಲ್ಲಿ ಕೂರಿಸಬೇಕು.

ಹೊಸೂರು ಟ್ಯಾಪ್

ತಗೊಳ್ಳಿ, ವಾಸನೆ ಇರೋದು ಸ್ಟೀಲಲ್ಲಿ ಅಲ್ಲ, ರಬ್ಬರಲ್ಲಿ. ಕಾರ್ನಿ ಕೆಗ್‌ನಲ್ಲಿ ಐದು ಓ-ರಿಂಗ್ (ರಬ್ಬರ್ ಉಂಗುರ) ಇರುತ್ತೆ: ಮುಚ್ಚಳಕ್ಕೆ ಒಂದು ದೊಡ್ಡದು, ಪೈಪ್ ಸಿಕ್ಕಿಸೋ ಎರಡು ಪೋಸ್ಟ್‌ಗೆ ಎರಡು, ಒಳಗಿನ ಎರಡು ನಳಿಕೆಗೆ ಎರಡು. ಐದನ್ನೂ ಬದಲಾಯಿಸಿ. ದುಡ್ಡು ಕೊಡೋ ಮೊದಲು ಒಳಗೆ ಟಾರ್ಚ್ ಬಿಟ್ಟು ತಳದ ವೆಲ್ಡಿಂಗ್ ಹತ್ರ ಗುಂಡಿ, ತುಕ್ಕು ಇದ್ಯಾ ನೋಡಿ. ಆಮೇಲೆ 30 ಪಿಎಸ್‌ಐ ಗ್ಯಾಸ್ ತುಂಬಿ, ಪೈಪ್ ಬಿಚ್ಚಿ ಒಂದು ರಾತ್ರಿ ಬಿಡಿ. ಬೆಳಗ್ಗೆ ಸೇಫ್ಟಿ ವಾಲ್ವ್ ಎತ್ತಿದಾಗ ಅದೇ ಜೋರಲ್ಲಿ ಉಸಿರು ಬಿಟ್ಟರೆ ಕೆಗ್ ಗಟ್ಟಿ. ಓ-ರಿಂಗ್‌ಗೆ ಫುಡ್ ಗ್ರೇಡ್ ಸಿಲಿಕಾನ್ ಗ್ರೀಸ್ ಮಾತ್ರ ಹಚ್ಚಿ, ತೆಂಗಿನೆಣ್ಣೆ ಹಚ್ಚಿದ್ರೆ ಒಂದಷ್ಟು ದಿನಕ್ಕೆ ಕಮಟು ವಾಸನೆ ಹಿಡಿಯುತ್ತೆ.